ಅಂಕೆಯೂ ಆಯುಸ್ಸೂ

ಪರೀಕ್ಷಿತ ಮಹಾರಾಜನಿಗೆ ತನ್ನ ಮರಣವು ಏಳನೆಯ ದಿನವೆಂಬುದು ತಿಳಿದಿತ್ತು. ತಿಳಿದುದರಿಂದಲೇ ಅವನು ಗಂಗಾತೀರದಲ್ಲಿ ಕುಳಿತು ಭಾಗವತವನ್ನು ಕೇಳಿದನು. ಆದುದರಿಂದ ಮರಣಕಾಲವನ್ನು ಮುಂಚಿತವಾಗಿ ಅರಿಯುವುದೇ ಲೇಸೆಂದು ವಾದಿಸುವವರುಂಟು. ಆದರೆ ಆತನಿಗೆ ದೊರೆತುದು ನಿಶ್ಚಿತವಾದ ಮಾತು. ಇಂದಿನ ರೋಗಿಗೆ ದೊರೆಯುವುದು ಸಂಭವದ ಲೆಕ್ಕ. ಎರಡನ್ನೂ ಒಂದೆಂದು ಬಗೆಯಬಹುದೆ?

ಶ್ವಾಸಕೋಶದ ಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ರಕ್ತದಲ್ಲಿರುವ ಬಿಳಿಯ ಕಣಗಳು ದೇಹದ ಕಾವಲುಗಾರರು. ಅವುಗಳಲ್ಲಿ ನ್ಯೂಟ್ರೊಫಿಲ್ ಎಂಬುವು ಉರಿಯೂತವಿದ್ದೆಡೆಗೆ ಮೊದಲು ಧಾವಿಸತಕ್ಕವು. ಲಿಂಫೊಸೈಟುಗಳಲ್ಲಿ ಕೆಲವು ಕ್ಯಾನ್ಸರ್ ಜೀವಕೋಶವನ್ನು ಗುರುತಿಸಿ ಕೊಲ್ಲಬಲ್ಲವು. ಮೊದಲನೆಯದರ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಬೇಕು. 60ನ್ನು 30ರಿಂದ ಭಾಗಿಸಿದರೆ 2; 80ನ್ನು 10ರಿಂದ ಭಾಗಿಸಿದರೆ 8. ನಮ್ಮ ನಾಲ್ಕನೆಯ ತರಗತಿಯ ಭಾಗಾಕಾರ! ಈ ಪ್ರಮಾಣವು ಹೆಚ್ಚಾಗಿರುವ ರೋಗಿಗಳು ಒಟ್ಟಿನಲ್ಲಿ ಕಡಿಮೆ ಕಾಲ ಬದುಕುವರೆಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಜೇಮ್ಸ್ ಆಲಿಸನ್, ತಸುಕು ಹೊಂಜೊ ಇವರಿಗೆ 2018ರ ನೊಬೆಲ್ ಪಾರಿತೋಷಕವನ್ನು ತಂದ ಶೋಧನೆಗಳಿಂದ, ದೇಹದ ರಕ್ಷಣಾಶಕ್ತಿಯನ್ನೇ ಎಚ್ಚರಿಸುವ ಔಷಧಗಳು ಬಂದಿವೆ. ಅವನ್ನು ಪಡೆಯುವವರಲ್ಲಿಯೂ ಈ ಲಕ್ಷಣ ಕಂಡಿದೆ. ಆದರೆ ಬೇರೊಂದು ಸೋಂಕು ತಗುಲಿದರೂ, ಸ್ಟೀರಾಯ್ಡ್ ಮಾತ್ರೆ ನುಂಗಿದರೂ ಅಂಕೆ ಏರುತ್ತದೆ. ಇದೊಂದನ್ನೇ ನಂಬಿ ಚಿಕಿತ್ಸೆಯನ್ನು ನಿರ್ಧರಿಸುವ ಪದ್ಧತಿಯಿಲ್ಲ.

ಗುಂಪಿನ ಮಾತು ಬೇರೆ, ಒಬ್ಬನ ಮಾತು ಬೇರೆ. ತರಗತಿಯ ಸರಾಸರಿಯನ್ನು ನೋಡಿ ಕೊನೆಯ ಸಾಲಿನ ಹುಡುಗನ ಅಂಕವನ್ನು ಹೇಳುವ ಉಪಾಧ್ಯಾಯನುಂಟೆ? ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡರಿಗೆ 1982ರಲ್ಲಿ ಮೀಸೊಥೀಲಿಯೋಮವೆಂಬ ಅಪರೂಪದ ಕ್ಯಾನ್ಸರ್ ಕಾಣಿಸಿತು. ಅರ್ಧದಷ್ಟು ರೋಗಿಗಳು 8 ತಿಂಗಳೊಳಗೆ ತೀರಿಕೊಳ್ಳುವರೆಂದು ಗ್ರಂಥಗಳಲ್ಲಿತ್ತು. ಉಳಿದರ್ಧ ಜನರ ಗತಿಯೇನೆಂದು ಅವರು ವಿಚಾರಮಾಡಿದರು. ಅವರು ತೀರಿಕೊಂಡುದು 2002ರಲ್ಲಿ.

ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯಿಂದ ಇಂಥ ರೋಗಿಗಳು ಬೆಂಗಳೂರಿಗೆ, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂಥಲ್ಲಿಗೆ, ಹೋಗುವುದುಂಟು. ಮನೆಯ ಮಾತು ಕನ್ನಡ, ಬೀದಿಯ ಮಾತು ತೆಲುಗು, ತಂದ ಕಾಗದದ ಮಾತು ಇಂಗ್ಲಿಷು. ಓದಿ ಹೇಳುವ ಹೊರೆ ಶಾಲೆಗೆ ಹೋಗುವ ಮಗುವಿನ ಮೇಲೆ ಬೀಳುತ್ತದೆ. "ಏನು ಬರೆದಿದ್ದಾರಪ್ಪಾ?" ಎಂದು ತಾತ ಕೇಳುತ್ತಾನೆ, ಬಾಗಿಲ ಮರೆಯಿಂದ ದೊಡ್ಡವರು ಬೇಡವೆಂದು ಸನ್ನೆಮಾಡುತ್ತಾರೆ. ಎರಡು ಕಣಗಳ ಲೆಕ್ಕವೂ ಆ ಕಾಗದದಲ್ಲಿಯೇ ಇರುತ್ತದೆ. ಜಾಣ ಹುಡುಗ ಭಾಗಾಕಾರವನ್ನೂ ಮಾಡಿಬಿಟ್ಟಾನು!

ದೊಡ್ಡವರು ಬಚ್ಚಿಡುವುದು ಪ್ರೀತಿಯಿಂದಲೇ, ಒಪ್ಪೋಣ. ಆದರೂ ತೀರಿಸಬೇಕಾದ ಸಾಲ, ಹಂಚಬೇಕಾದ ಹೊಲ, ಕಾಣಬೇಕಾದ ತಂಗಿ, ಇವೆಲ್ಲ ಆ ಮುದುಕನವು. ಅವನ ದಿನಗಳನ್ನು ಅವನಿಗೆ ಮರೆಮಾಡುವ ಅಧಿಕಾರ ನಮಗಿಲ್ಲವೆಂದೇ ನಮ್ಮ ಮತ. ಹಾಗೆಂದು ಗುಂಪಿನ ಅಂಕೆಯನ್ನು ಅವನ ಆಯುಸ್ಸೆಂದು ಓದಿಹೇಳಿದರೆ ಅದೂ ಸುಳ್ಳೇ. ಎಷ್ಟು ತಿಳಿಯಬೇಕೆಂಬ ಇಚ್ಛೆಯೂ ಅವನದೇ. ಅದನ್ನು ಕೇಳಿ ತಿಳಿಯಬೇಕಾದವರು ಹಿರಿಯರು, ವೈದ್ಯರು. ಹತ್ತು ವರ್ಷದ ಬಾಲಕನಲ್ಲ. ಅವನು ಬರೆದುದನ್ನು ಬರೆದಂತೆ ಓದಲಿ. "ಇದರ ಅರ್ಥವನ್ನು ವೈದ್ಯರನ್ನೇ ಕೇಳೋಣ, ತಾತ" ಎನ್ನಲಿ. ಬೆಂಗಳೂರಿನಲ್ಲಿ ಕನ್ನಡ ಬಲ್ಲ ವೈದ್ಯರಿಗೇನೂ ಕೊರತೆಯಿಲ್ಲ, ತಾತನೇ ಕೇಳಬಹುದು.