ಜಿರಲೆಯ ಕುಲ ಮತ್ತು ಕೊಲೆಯ ವಿಚಾರ

ಅಡುಗೆಮನೆಯಲ್ಲಿ ಕಂಡ ಜಿರಲೆಯನ್ನು ಕೊಲ್ಲಬಹುದೆ? ಮೇಲುನೋಟಕ್ಕೆ ಇದು ನಗೆ ತರಿಸುವ ಪ್ರಶ್ನೆ. ತರಗತಿಯಲ್ಲಿ ಅಹಿಂಸೆಯ ಪಾಠ ಹೇಳುವ ನಾವೇ ಮನೆಗೆ ಬಂದು ಕಸಬರಿಕೆ ಎತ್ತುತ್ತೇವೆ. ಮಕ್ಕಳು ಈ ಮಾತನ್ನು ಕೇಳಿದರೆ ಬರಿಯ ಗದರಿಕೆ ಉತ್ತರವಾಗದು. ಕೊಲ್ಲುವ ಮೊದಲು ಯಾವುದನ್ನು ಕೊಲ್ಲುತ್ತಿದ್ದೇವೆಂದು ತಿಳಿಯುವ ಹೊಣೆ ಕೊಲ್ಲುವವರದೇ ಎಂದು ನಾವು ಬಗೆಯುತ್ತೇವೆ.

ಜಗತ್ತಿನಲ್ಲಿ 4,000ಕ್ಕೂ ಮಿಕ್ಕಿ ಜಿರಲೆಯ ಜಾತಿಗಳಿವೆ. ಮನುಷ್ಯನ ವಸತಿಯನ್ನು ಹೊಕ್ಕವು ಸುಮಾರು 30 ಮಾತ್ರ. ಉಳಿದವುಗಳಲ್ಲಿ ಬಹುಪಾಲು ಕಾಡಿನ ತರಗೆಲೆಗಳ ನಡುವೆ ಬಾಳಿ, ಕೊಳೆತುದನ್ನು ತಿಂದು, ಮಣ್ಣಿಗೆ ಉಪಕಾರವನ್ನೇ ಮಾಡುತ್ತವೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವವು ಎರಡು. ಬಚ್ಚಲ ಮೋರಿಯಿಂದ ಏರಿ ಬರುವ, 4 ಸೆಂಟಿಮೀಟರು ಉದ್ದದ, ಕೆಂಗಂದು ಬಣ್ಣದ್ದು ಅಮೆರಿಕದ ಜಿರಲೆ ಎನಿಸಿಕೊಂಡಿದೆ. ಅದರ ಮೂಲ ಆಫ್ರಿಕ. ಒಲೆಯ ಬಳಿ, ಕಪಾಟಿನ ಸಂದಿನಲ್ಲಿ ಅಡಗುವ ಸಣ್ಣದು ಜರ್ಮನ್ ಜಿರಲೆ. ಉದ್ದ ಒಂದೂವರೆ ಸೆಂಟಿಮೀಟರಿಗೆ ಸಮೀಪ, ಬಣ್ಣ ತಿಳಿಗಂದು, ತಲೆಯ ಹಿಂದೆ ಎರಡು ಕಪ್ಪು ಗೆರೆಗಳು ಜೊತೆಜೊತೆಯಾಗಿ ಓಡುತ್ತವೆ. ಈ ಗೆರೆಗಳೇ ಗುರುತು. ರೆಕ್ಕೆಯಿದ್ದೂ ಹಾರಲಾರದು. ಹೆಣ್ಣು ತನ್ನ ಮೊಟ್ಟೆಯ ಚೀಲವನ್ನು ಮರಿಯೊಡೆಯುವ ಹೊತ್ತಿನವರೆಗೂ ಹೊತ್ತೇ ತಿರುಗುತ್ತದೆ; ಒಂದು ಚೀಲದಲ್ಲಿ 30ರಿಂದ 40 ಮರಿ.

ಲಿನೇಯಸನು 1767ರಲ್ಲಿ ಇದಕ್ಕೆ ಜರ್ಮನಿಯ ಹೆಸರು ಕೊಟ್ಟನು. ರಷ್ಯದವರು ಇದನ್ನು ಪ್ರಷ್ಯದ್ದೆಂದರು, ಜರ್ಮನರು ರಷ್ಯದ್ದೆಂದರು! ಗಡಿಯಲ್ಲಿ ಬಾಳುವ ನಮಗೆ ಈ ನಾಮಕರಣದ ರೀತಿ ಹೊಸದೇನಲ್ಲ. 2024ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯು ಇದರ ಹುಟ್ಟನ್ನು ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಬರ್ಮದ ಕಡೆಯಲ್ಲಿ ಗುರುತಿಸಿದೆ. ಹೊರಗಿನದೆಂದು ದೂರಿದ್ದು ನೆರೆಮನೆಯದಲ್ಲ, ನಮ್ಮದೇ ಆಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಗಹನವಾದುದು. ಈ ಜೀವಿಗೆ ಕಾಡಿಲ್ಲ. ಮನುಷ್ಯನ ಕಟ್ಟಡಗಳ ಹೊರಗೆ ಇದು ತಾನಾಗಿ ನೆಲಸಿರುವುದು ಎಲ್ಲಿಯೂ ಕಂಡಿಲ್ಲ. ನಮ್ಮ ಮನೆಯೇ ಅದರ ಕಾಡು. ಹಾಗಾದರೆ ಹೊರಗಟ್ಟುವುದೂ ಕೊಲ್ಲುವುದೂ ಒಂದೇ ಅಲ್ಲವೆ? ಅಹುದು, ಮೃದುವಾದ ಮಾತಿನಿಂದ ಇದನ್ನು ಮರೆಮಾಡುವುದು ಸಲ್ಲದು. ಆದರೂ ಕೊಲ್ಲಬೇಕಾಗುತ್ತದೆ. ಅದರ ಕಾಲುಗಳಲ್ಲಿ ಹೊಲಸಿನ ರೋಗಾಣು ಅನ್ನಕ್ಕೆ ಬರುತ್ತದೆ. ಅದರ ಹಿಕ್ಕೆ ಮತ್ತು ಕಳಚಿದ ಪೊರೆಯ ಧೂಳು ಕೆಲವು ಮಕ್ಕಳಲ್ಲಿ ಉಬ್ಬಸವನ್ನು ಕೆರಳಿಸುತ್ತದೆ. ಮಗುವಿನ ಉಸಿರು ಮೊದಲು. ಆದರೆ ರಾತ್ರಿ ಎಂಜಲು ಪಾತ್ರೆಗಳನ್ನು ಹಾಗೆಯೇ ಬಿಟ್ಟು, ಬೆಳಗಾಗುತ್ತಲೇ ವಿಷ ಸಿಂಪಡಿಸುವುದನ್ನು ನಾವು ಒಪ್ಪಲಾರೆವು. ಅದು ಸಾಕುತ್ತಲೇ ಕೊಲ್ಲುವ ಕ್ರೌರ್ಯ.

ಆ ವಿಷವಾದರೂ ನಂಬತಕ್ಕದ್ದಲ್ಲ. 1950ರ ದಶಕದ ಆರಂಭದಲ್ಲಿ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿ ನಗರದ ಜಿರಲೆಗಳು ಕ್ಲೋರ್ಡೇನ್ ಎಂಬ ವಿಷವನ್ನು ತಾಳಿಕೊಂಡವು. ಮುಂದೆ ಸಿಹಿ ಬೆರೆಸಿದ ವಿಷದ ತುತ್ತುಗಳನ್ನಿಟ್ಟರೆ, ಗ್ಲೂಕೋಸನ್ನೇ ತೊರೆದ ಸಂತತಿಗಳು ಬಂದವು. ಅವುಗಳ ನಾಲಗೆಗೆ ಗ್ಲೂಕೋಸು ಕಹಿಯಾಗಿದೆಯೆಂದು 2013ರಲ್ಲಿ ತಿಳಿದುಬಂತು. (ಜಿರಲೆಗೆ ನಾಲಗೆಯಿಲ್ಲ, ರುಚಿಯರಿಯುವ ರೋಮಗಳು ಬಾಯ ಬಳಿ ಇವೆ ಎಂದು ವಿಜ್ಞಾನದ ಉಪಾಧ್ಯಾಯರು ತಿದ್ದಿಕೊಳ್ಳಲಿ.)

ಆದುದರಿಂದ ಮೊದಲು ಅನ್ನ ನೀರುಗಳ ಆಸೆಯನ್ನು ಕಡಿಯಬೇಕು: ಮಲಗುವ ಮುನ್ನ ಪಾತ್ರೆ ತೊಳೆದು, ತೊಟ್ಟಿಕ್ಕುವ ನಲ್ಲಿಯನ್ನು ಸರಿಪಡಿಸಿ, ಗೋಡೆಯ ಬಿರುಕುಗಳಿಗೆ ಸಿಮೆಂಟು ಮೆತ್ತಬೇಕು. ಬಚ್ಚಲ ಮೋರಿಗೆ ಸಣ್ಣಕಣ್ಣಿನ ಜಾಲರಿ ಹಾಕಿದರೆ ದೊಡ್ಡ ಜಿರಲೆಯ ಕಾಟ ಬಹುಮಟ್ಟಿಗೆ ತಗ್ಗುತ್ತದೆ. ಕೊಲೆಯ ಮಾತೇ ಬೇಡ. ಸಣ್ಣದಕ್ಕೆ ಮಾತ್ರ, ಕೇರಂ ಹಲಗೆಗೆ ಬಳಸುವ ಬೋರಿಕ್ ಪುಡಿಯನ್ನು ಒಣಗಿದ ಸಂದುಗಳಲ್ಲಿ ತೆಳುವಾಗಿ ಉದುರಿಸಬಹುದು. ಮೈಗಂಟಿದ ಪುಡಿಯನ್ನು ನೆಕ್ಕಿ ಅದು ಸಾಯುತ್ತದೆ. ಆ ಪುಡಿ ಮಕ್ಕಳ ಕೈಗೂ ಅಡುಗೆಯ ಪದಾರ್ಥಕ್ಕೂ ಸೋಕಬಾರದು. ಗೋಡೆ ಎರಡು ಮನೆಗಳಿಗೆ ಸಾಮಾನ್ಯವಾಗಿದ್ದರೆ ನೆರೆಯವರಿಗೂ ಹೇಳಿ, ಎರಡೂ ಕಡೆ ಒಂದೇ ದಿನ ಈ ಕೆಲಸ ಮಾಡಬೇಕು. ಇಲ್ಲವಾದರೆ ನಮ್ಮಲ್ಲಿ ಉಳಿದವು ಆ ರಾತ್ರಿಯೇ ಅವರ ಅಡುಗೆಮನೆ ಸೇರುತ್ತವೆ.