ಬಂದ ಯೋಚನೆಗೆ ಎದುರು ಮಾತು

ಕ್ರಿ.ಶ. 4ನೇ ಶತಮಾನದ ಕೊನೆಯ ವರ್ಷಗಳು. ಈಜಿಪ್ಟಿನ ನೈಲ್ ಮುಖಜಭೂಮಿಯ ಪಶ್ಚಿಮಕ್ಕೆ, ಕೆಲ್ಲಿಯಾ ಎಂಬ ಮರಳುಗಾಡಿನಲ್ಲಿ ಕ್ರೈಸ್ತ ಸನ್ಯಾಸಿಗಳು ದೂರ ದೂರದ ಕುಟೀರಗಳಲ್ಲಿ ಇದ್ದರು. ಬೆಳಿಗ್ಗೆ ಹತ್ತು ಗಂಟೆ ಆಗುತ್ತಲೇ ಅವರಲ್ಲೊಬ್ಬನ ಮನಸ್ಸು ಏನೇನು ಆಡುತ್ತಿತ್ತು ಎಂಬುದನ್ನು ಅಲ್ಲೇ ಬದುಕಿದ್ದ ಇವಾಗ್ರಿಯಸ್ ಬರೆದಿಟ್ಟಿದ್ದಾನೆ. ಹೊತ್ತು ಮುಂದಕ್ಕೇ ಹೋಗುವುದಿಲ್ಲ. ಹಗಲಿಗೆ ಐವತ್ತು ಗಂಟೆ ಇದ್ದ ಹಾಗಿರುತ್ತದೆ. ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆಗೆ. ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಹೊರಗೆ ಬಂದು ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಈ ಕಡೆ ಬರುತ್ತಿದ್ದಾರೇನೋ ಎಂದು ಅತ್ತಿತ್ತ ನೋಡುತ್ತಾನೆ. ಈ ಜಾಗ ಸರಿಯಿಲ್ಲ, ಈ ಕೆಲಸ ಸರಿಯಿಲ್ಲ, ಇಲ್ಲಿ ಯಾರಿಗೂ ಯಾರ ಮೇಲೂ ಪ್ರೀತಿಯಿಲ್ಲ. ಈಚೆಗೆ ಯಾರೋ ನೋಯಿಸಿದ್ದರೆ ಅದು ನೆನಪಾಗುವುದೂ ಸರಿಯಾಗಿ ಆಗಲೇ.

ಈ ಸ್ಥಿತಿಗೆ ಅವನು ಕೊಟ್ಟ ಹೆಸರು ಅಕೀಡಿಯ. ಸಾವಿರದ ಆರುನೂರು ವರ್ಷದ ಹಿಂದಿನ ಬರಹ ಇದು. ಕೈಯಲ್ಲಿ ಫೋನು ಹಿಡಿದು ಮಧ್ಯಾಹ್ನ ಕಳೆಯುವ ಯಾರೇ ಆದರೂ ಇದರಲ್ಲಿ ತಮ್ಮನ್ನು ಗುರುತಿಸಿಕೊಳ್ಳಬಹುದು.

ಇವಾಗ್ರಿಯಸ್ ಹುಟ್ಟಾ ಸನ್ಯಾಸಿಯಲ್ಲ. ಇಂದಿನ ಟರ್ಕಿಯ ಪೊಂಟಸ್ ಸೀಮೆಯವನು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಳ್ಳೆಯ ವಾಗ್ಮಿ ಎಂದು ಹೆಸರಾಗಿದ್ದವನು. ಮದುವೆಯಾದ ಹೆಂಗಸಿನ ಮೋಹಕ್ಕೆ ಸಿಕ್ಕಿ, ಊರು ಬಿಟ್ಟು ಜೆರುಸಲೇಮಿಗೆ ಹೋಗಿ, ಅಲ್ಲಿಂದ ಈಜಿಪ್ಟಿನ ಮರಳುಗಾಡು ಸೇರಿದ. ಪುಸ್ತಕ ನಕಲು ಮಾಡಿ ಹೊಟ್ಟೆ ಹೊರೆದುಕೊಳ್ಳುತ್ತ 399ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಮನಸ್ಸನ್ನು ಕೆಡಿಸುವ ಯೋಚನೆಗಳನ್ನು ಅವನು ಎಂಟಾಗಿ ವಿಂಗಡಿಸಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಅಕೀಡಿಯ, ಹೊಗಳಿಕೆಯ ಹಂಬಲ, ಅಹಂಕಾರ. ಪಶ್ಚಿಮದ ಸಭೆ ಮುಂದೆ 'ಏಳು ಮಹಾಪಾಪಗಳು' ಎಂದು ಕರೆದದ್ದು ಈ ಪಟ್ಟಿಯ ತಿದ್ದಿದ ರೂಪವನ್ನೇ.

ಆದರೆ ಇವಾಗ್ರಿಯಸ್ ಅವನ್ನು ಪಾಪ ಎನ್ನಲಿಲ್ಲ, ಯೋಚನೆ ಎಂದ. ಅವನ ತತ್ತ್ವದ ಜೀವಾಳವೇ ಇಲ್ಲಿದೆ. ಇಂಥ ಯೋಚನೆ ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಬಂದದ್ದು ಒಳಗೆ ಠಿಕಾಣಿ ಹೂಡುತ್ತದೋ ಇಲ್ಲವೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಕೆಟ್ಟ ಯೋಚನೆ ಬಂತೆಂದೇ ತನ್ನನ್ನು ಕೆಟ್ಟವನೆಂದು ಹಳಿದುಕೊಳ್ಳುವ ಎಷ್ಟೋ ಭಕ್ತರಿಗೆ ಈ ಒಂದು ಮಾತು ದೊಡ್ಡ ಬಿಡುಗಡೆ. ಹೃದಯದ ಬಾಗಿಲಲ್ಲಿ ಕಾವಲುಗಾರನ ಹಾಗೆ ನಿಂತು, ಬಂದ ಪ್ರತಿಯೊಂದು ಯೋಚನೆಯನ್ನೂ 'ನೀನು ನಮ್ಮವನೋ, ಹಗೆಯ ಕಡೆಯವನೋ' ಎಂದು ಕೇಳು ಎಂಬುದು ಅವನ ಸಲಹೆ.

ಯೋಚನೆಗಳು ಕರೆಯದೆಯೇ ಬರುತ್ತವೆ ಎಂಬುದನ್ನು ಮಿದುಳು ವಿಜ್ಞಾನ ಈಗ ಬೇರೆ ದಾರಿಯಲ್ಲಿ ಹೇಳುತ್ತಿದೆ. ನಾವು ಸುಮ್ಮನೆ ಕುಳಿತಾಗ ಮಿದುಳು ಸುಮ್ಮನಿರುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದ 'ಡೀಫಾಲ್ಟ್ ಮೋಡ್' ಜಾಲ ಆಗಲೇ ಚುರುಕಾಗುತ್ತದೆ. ಹಿಂದಿನದನ್ನು ಕೆದಕುವುದು, ಮುಂದಿನದನ್ನು ಊಹಿಸುವುದು, 'ನಾನು' ಎಂಬ ಕಥೆ ಹೆಣೆಯುವುದು ಇವೆಲ್ಲಕ್ಕೂ ಅದರ ನಂಟಿದೆ. ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಫೋನ್ ಮೂಲಕ 2,250 ವಯಸ್ಕರನ್ನು ಆಗಾಗ ಪ್ರಶ್ನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಚ್ಚರವಿರುವ ಹೊತ್ತಿನ ಸುಮಾರು ಶೇ. 47ರಷ್ಟು ಕಾಲ ಮಾಡುತ್ತಿರುವ ಕೆಲಸದ ಮೇಲೆ ಮನಸ್ಸಿರುವುದಿಲ್ಲ. ಹಾಗೆ ಅಲೆಯುವಾಗ ಜನ ಕಡಿಮೆ ಸಂತೋಷದಲ್ಲಿರುತ್ತಾರೆ. ಸಾಲದ್ದಕ್ಕೆ, ಹತ್ತು ಹೊಗಳಿಕೆ ಮರೆತುಹೋದರೂ ಒಂದು ಚುಚ್ಚುಮಾತು ಮನಸ್ಸಿನಿಂದ ಹೋಗುವುದಿಲ್ಲ. ಅಪಾಯವನ್ನು ಮೊದಲು ಗಮನಿಸಿದ ಜೀವಿಯೇ ಉಳಿದುಕೊಂಡದ್ದರಿಂದ ಮಿದುಳಿಗೆ ಈ ವಾಲಿಕೆ ಬಂದಿದೆ ಎಂದು ಬಹಳ ಮಂದಿ ವಿಜ್ಞಾನಿಗಳು ತಿಳಿಯುತ್ತಾರೆ.

ಹಾಗಾದರೆ ಕೆಟ್ಟ ಯೋಚನೆಯನ್ನು ಒತ್ತಿ ಹಿಡಿದರಾಯಿತಲ್ಲ? ಅದು ನಡೆಯುವುದಿಲ್ಲ ಎಂದು 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ತೋರಿಸಿದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮೊಳಗುತ್ತಲೇ ಇತ್ತು. ನಂತರ ಯೋಚಿಸಬಹುದು ಎಂದಾಗ, ಮೊದಲಿನಿಂದಲೂ ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ನೆನಪಾಯಿತು.

ಹೆಸರಿಟ್ಟು ಕರೆದರೆ ಮಾತ್ರ ಪರಿಣಾಮ ಬೇರೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಕೋಪದ, ಭಯದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಹೆಸರು ಹೇಳಿ ಎಂದಿತು. ಹೆಸರಿಸಿದಾಗ ಭಯಕ್ಕೆ ಮಿಡಿಯುವ ಅಮಿಗ್ಡಲದ ಚಟುವಟಿಕೆ ತಗ್ಗಿತು, ಹಣೆಯ ಹಿಂದಿರುವ ಮಿದುಳಿನ ಒಂದು ಭಾಗದ ಚಟುವಟಿಕೆ ಏರಿತು. ಎಂಟು ಯೋಚನೆಗಳಿಗೆ ಹೆಸರಿಟ್ಟು, ಯಾವುದು ಯಾವಾಗ ಬರುತ್ತದೆ, ಯಾವುದರ ಬೆನ್ನಿಗೆ ಯಾವುದು ಎಂದು ಗಮನಿಸಲು ಹೇಳಿದ ಇವಾಗ್ರಿಯಸ್‌ಗೆ ಅಮಿಗ್ಡಲ ಗೊತ್ತಿರಲಿಲ್ಲ, ಮನಸ್ಸು ಗೊತ್ತಿತ್ತು. ಮುಪ್ಪಿನಲ್ಲಿ ಕೈ ನಡೆಯದಿದ್ದರೆ? ಕ್ಷಾಮ ಬಂದರೆ? ಕಾಯಿಲೆ ಬಿದ್ದು ಇನ್ನೊಬ್ಬರ ಮುಂದೆ ಕೈಚಾಚಬೇಕಾದರೆ? ಈ ಭಯಗಳನ್ನು ಅವನು ಹಣದಾಸೆಯ ಅಡಿಯಲ್ಲಿ ಇಟ್ಟಿದ್ದಾನೆ. ಅಂಥ ಸೂಕ್ಷ್ಮ.

ಅಕೀಡಿಯ ಕವಿದಾಗ ಅವನು ಹೇಳುವ ಉಪಾಯ ಇನ್ನೂ ಸೊಗಸು: ಆತ್ಮವನ್ನು ಎರಡು ಮಾಡು, ಒಂದು ಸಮಾಧಾನ ಹೇಳಲಿ, ಇನ್ನೊಂದು ಕೇಳಲಿ. ಇದಕ್ಕೆ ಅವನ ಆಧಾರ ಬೈಬಲಿನ 42ನೇ ಕೀರ್ತನೆ. ಅಲ್ಲಿ ಕೀರ್ತನೆಕಾರ ತನ್ನ ಪ್ರಾಣವನ್ನೇ ಎದುರು ಕೂರಿಸಿಕೊಂಡು, ಏಕೆ ಕುಗ್ಗಿದ್ದೀ ಎಂದು ವಿಚಾರಿಸುತ್ತಾನೆ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 'ನಾನು' ಎನ್ನದೆ ತಮ್ಮನ್ನು ಹೆಸರಿನಿಂದ ಕರೆದು ಮಾತಾಡಿಕೊಂಡವರು ಒತ್ತಡದ ಸಂದರ್ಭವನ್ನು ಹೆಚ್ಚು ಸಮಾಧಾನದಿಂದ ಎದುರಿಸಿದರು.

ಇಷ್ಟಾದರೂ ನಂಬಿಕೆ ಎಂದರೆ ಬರೀ ತಂತ್ರವಲ್ಲ. ಸುವಾರ್ತೆಗಳ ಪ್ರಕಾರ, ಅರಣ್ಯದಲ್ಲಿ ಶೋಧನೆಗೆ ಒಳಗಾದ ಯೇಸು ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟ. ಅದನ್ನೇ ಮಾದರಿಯಾಗಿ ಹಿಡಿದು ಇವಾಗ್ರಿಯಸ್ 'ಆಂಟಿರೆಟಿಕೋಸ್' ಎಂಬ ಪುಸ್ತಕ ಬರೆದ: ಇಂಥ ಯೋಚನೆ ಬಂದರೆ ಇಂಥ ವಚನದಿಂದ ಎದುರು ಮಾತಾಡು ಎಂದು ಸುಮಾರು ಐನೂರು ವಚನಗಳು. 'ಎಲ್ಲ ಒಳ್ಳೆಯದೇ ಆಗುತ್ತದೆ' ಎಂಬ ಭರವಸೆಯ ಮಾತುಗಳಲ್ಲ ಇವು. ಬೈಬಲಿನಲ್ಲಿರುವ, ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಪತ್ರವನ್ನೇ ನೋಡಿ: ಅದನ್ನು ಬರೆಯುವಾಗ ಅಪೊಸ್ತಲ ಪೌಲ ಸೆರೆಯಲ್ಲಿದ್ದ. ಮನಸ್ಸಿನಲ್ಲಿ ಏನೇನು ತುಂಬಿಕೊಳ್ಳಬೇಕೆಂದು ಅವನು ಕೊಟ್ಟ ಪಟ್ಟಿಯಲ್ಲಿ ಮೊದಲು ಬರುವುದು ಸತ್ಯ, ಸಂತೋಷವಲ್ಲ. ಕೀರ್ತನೆಕಾರನೂ ತನ್ನೊಂದಿಗೆ ಮಾತಾಡಿ ನಿಲ್ಲಿಸುವುದಿಲ್ಲ, ದೇವರ ಕಡೆಗೆ ತಿರುಗುತ್ತಾನೆ. ತನ್ನ ಬೆಲೆಯನ್ನು ಈ ಹೊತ್ತಿನ ಮನಸ್ಸು ಹೇಳಲಾರದು, ತನ್ನನ್ನು ಪ್ರೀತಿಸುವ ಮತ್ತೊಬ್ಬನು ಹೇಳಬೇಕು ಎಂಬುದು ಕ್ರೈಸ್ತ ನಂಬಿಕೆ. ಆ ಪ್ರೀತಿ ನಿಜವೇ ಎಂದು ಹೇಳುವ ಸ್ಕ್ಯಾನ್ ಯಂತ್ರ ಇಲ್ಲ. ಬೈಬಲನ್ನು ವಿಜ್ಞಾನ ರುಜುವಾತು ಮಾಡಿತು ಎಂದು ಸಾರುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ.

ಖಿನ್ನತೆಯ ಕಾಯಿಲೆಗೆ ಬಿದ್ದವರಿಗೆ 'ನಿನ್ನ ನಂಬಿಕೆ ಸಾಲದು' ಎನ್ನುವುದು ಅದಕ್ಕಿಂತ ದೊಡ್ಡ ಅನ್ಯಾಯ. ಸಾವನ್ನೇ ಬೇಡಿಕೊಂಡು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೊಮ್ಮೆ ಎಬ್ಬಿಸಿ ತಿನ್ನಿಸಿದ. ವಾರಗಟ್ಟಲೆ ನಿದ್ದೆ, ಊಟ, ಆಸಕ್ತಿ ಹೋದವರಿಗೆ ವೈದ್ಯರೂ ಬೇಕು, ಔಷಧವೂ ಬೇಕಾಗಬಹುದು. ಪ್ರಾರ್ಥನೆಗೆ ಅದು ಅಡ್ಡಿಯಲ್ಲ.

ಉಳಿದವರಿಗೆ ಬೇಕಾದದ್ದು ಸಾವಧಾನ. ಇಪ್ಪತ್ತೊಂದು ದಿನದಲ್ಲಿ ಮಿದುಳು ಬದಲಾಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಲಂಡನ್‌ನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಮಂದಿಯನ್ನು ಗಮನಿಸಿದಾಗ, ಊಟ, ವ್ಯಾಯಾಮದಂಥ ಸಣ್ಣ ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕೆಂದು ಕಂಡಿತು. ಕೆಲವರಿಗೆ 18 ದಿನ, ಕೆಲವರ ಅಂದಾಜು 254 ದಿನ. ನಡುವೆ ಒಂದು ದಿನ ತಪ್ಪಿಸಿದವರಲ್ಲೂ ರೂಢಿ ಬೇರೂರುವುದು ನಿಲ್ಲಲಿಲ್ಲ.