ಸೋಸಿದ ನೀರು

ಹರಿಯುವ ನೀರಿಗೆ ಮೈಲಿಗೆಯಿಲ್ಲವೆಂಬುದು ಹಿಂದಿನಿಂದ ಬಂದ ನಂಬಿಕೆ. ಪಶ್ಚಿಮ ಘಟ್ಟದ ಬಂಡೆಗಳ ನಡುವೆ ಕನ್ನಡಿಯಂತೆ ಹರಿದುಬರುವ ತೊರೆಯನ್ನು ಕಂಡಾಗ ಅದು ಇಂದಿಗೂ ತಲೆಯೆತ್ತುತ್ತದೆ. ಬೆಟ್ಟ ಹತ್ತಿ ದಣಿದವನು ಬೊಗಸೆಯೊಡ್ಡುತ್ತಾನೆ. 'ತಾಳು, ಕುದಿಸಿ ಕುಡಿ' ಎನ್ನುವ ಗೆಳೆಯ ಅರಸಿಕನಂತೆ ತೋರುತ್ತಾನೆ. ಆದರೆ ತಿಳಿಯಾದುದೆಲ್ಲ ಶುದ್ಧವಲ್ಲ. ಮೇಲಿನ ತಿರುವಿನಲ್ಲಿ ದನ ಇಳಿದಿರಬಹುದು. ನಮ್ಮಂತಹ ಮನುಷ್ಯನೇ ಮುಂಜಾನೆ ಅಲ್ಲಿ ಕುಳಿತು ಎದ್ದುಹೋಗಿರಬಹುದು.

ಮಾಡಬೇಕಾದುದೇನೋ ಸುಲಭವೇ. ಮಡಿಸಿದ ಶುಭ್ರ ಬಟ್ಟೆಯಲ್ಲಿ ಸೋಸಿ, ಆಮೇಲೆ ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಸುಮಾರು 2,000 ಮೀಟರಿಗೂ ಎತ್ತರದಲ್ಲಿ ಮೂರು ನಿಮಿಷ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಅಷ್ಟೆತ್ತರವಿಲ್ಲ. ಒಂದು ಮಾತು ಮಾತ್ರ ನೆನಪಿರಬೇಕು: ಬೆಂಕಿಗೆ ರೋಗಾಣು ಸಾಯುತ್ತದೆ, ವಿಷ ಸಾಯುವುದಿಲ್ಲ. ಔಷಧಿ ಸಿಂಪಡಿಸಿದ ತೋಟದಿಂದ ಇಳಿದುಬಂದ ನೀರನ್ನು ಎಷ್ಟು ಕುದಿಸಿದರೂ ಪ್ರಯೋಜನವಿಲ್ಲ.

ಇಲ್ಲಿಗೆ ಆರೋಗ್ಯಶಾಸ್ತ್ರ ಮುಗಿಯಿತು. ಧರ್ಮದ ಪ್ರಶ್ನೆ ಬೇರೆ: ನಾವು ನೀರನ್ನು ಸೋಸುವುದು ಯಾರಿಗಾಗಿ?

ಸಂನ್ಯಾಸಿಯು ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಜೈನರಲ್ಲಿ ಇದು ಗೃಹಸ್ಥರ ನಿತ್ಯಾಚಾರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ತಂದ ನೀರಿಗೇ ಮರಳಿಸುವುದೂ ಆ ಆಚಾರದಲ್ಲಿ ಸೇರಿದೆ. ಜೀವಿಗಳಿಂದ ತಾವು ಪಾರಾಗಲು ಇಂದಿನವರು ಸೋಸುತ್ತಾರೆ; ತಮ್ಮಿಂದ ಜೀವಿಗಳು ಪಾರಾಗಲೆಂದು ಅವರು ಸೋಸಿದರು. ಬಟ್ಟೆ ಒಂದೇ, ಭಾವ ಬೇರೆ.

ಹಾಗಾದರೆ ಕಾಲರಾ ರೋಗಾಣುವಿಗೂ ಕರುಣೆ ತೋರಬೇಕೆ ಎಂದು ಓದುಗರು ನಗಬಹುದು. ಬೇಡ. ಜೈನ ಮುನಿಗಳೂ ಕುದಿಸಿದ ನೀರನ್ನೇ ಸ್ವೀಕರಿಸುತ್ತಾರೆ. ಉಳಿಸಿಕೊಳ್ಳಬೇಕಾದುದು ಇಷ್ಟೆ: ನೀರನ್ನು ಮುಟ್ಟುವಾಗ ತನ್ನನ್ನುಳಿದು ಇನ್ನೊಬ್ಬರಿದ್ದಾರೆಂಬ ನೆನಪು.

ಈ ನೆನಪು ಬರಿಯ ಭಾವುಕತೆಯಲ್ಲವೆನ್ನಲು ನಾರುಹುಣ್ಣಿನ ಕಥೆ ಸಾಕ್ಷಿ. ಆ ಹುಣ್ಣಿರುವವನು ಮೆಟ್ಟಿಲಬಾವಿಗೆ ಇಳಿದರೆ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ನೀರುಚಿಗಟ ಅವನ್ನು ನುಂಗುತ್ತದೆ. ಅದನ್ನು ನೀರಿನೊಡನೆ ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಉದ್ದನೆಯ ಹುಳು ಹೊರಬರುತ್ತದೆ. ಇದಕ್ಕೆ ಮದ್ದಿರಲಿಲ್ಲ, ಲಸಿಕೆಯೂ ಇರಲಿಲ್ಲ. ಆದರೂ 2000ದಲ್ಲಿ ಭಾರತ ಇದರಿಂದ ಮುಕ್ತವೆಂದು ಘೋಷಿತವಾಯಿತು. ಗೆದ್ದದ್ದು ಮುಖ್ಯವಾಗಿ ಎರಡು ನಿಯಮಗಳಿಂದ: ಸೋಸಿ ಕುಡಿ, ಹುಣ್ಣಿದ್ದರೆ ನೀರಿಗಿಳಿಯಬೇಡ. ಮೊದಲನೆಯದಕ್ಕೆ ಭಯ ಸಾಕು. ಎರಡನೆಯದನ್ನು ಪಾಲಿಸಿದವನಿಗೆ ಲಾಭವೇನೂ ಇಲ್ಲ. ಅವನಿಗೆ ಕಾಯಿಲೆ ಆಗಲೇ ಬಂದಿದೆ. ಸೋಸಲು ಮರೆತ ಯಾರೋ ಒಬ್ಬನಿಗಾಗಿ ಅವನು ದಡದಲ್ಲೇ ನಿಲ್ಲಬೇಕು.

ನಮ್ಮ ಕಾಲದ ಕೊರತೆ ಈ ಎರಡನೆಯ ನಿಯಮದ್ದೇ. ಚಾರಣಿಗನ ಚೀಲದಲ್ಲಿ ಉತ್ತಮ ಸೋಸುಗವಿದೆ. ಊಟ ಮುಗಿಸಿ ಅದೇ ತೊರೆಯಲ್ಲಿ ಸೋಪು ಹಚ್ಚಿ ತಟ್ಟೆ ತೊಳೆಯುತ್ತಾನೆ. ನಗರದಲ್ಲಿರುವ ನಾವು ಅವನಿಗಿಂತ ಮೇಲೇನಲ್ಲ. ಅಡುಗೆಮನೆಯಲ್ಲಿ ಶುದ್ಧೀಕರಣ ಯಂತ್ರವಿದ್ದರೆ ಕೆರೆಯ ಗತಿ ಏನಾದರೇನು? ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಹೊತ್ತಿ ಉರಿದಾಗಲೂ ನಮ್ಮ ಮನೆಗಳ ಯಂತ್ರಗಳು ಸರಿಯಾಗಿಯೇ ಕೆಲಸ ಮಾಡುತ್ತಿದ್ದವು!

ತೊರೆಯಲ್ಲಿ ಕುಡಿಯುವಾಗ ನಾವು ಕೆಳಗಿನವರು, ತೊಳೆಯುವಾಗ ಮೇಲಿನವರು. ಮೇಲಿನವನನ್ನು ಶಂಕಿಸುವುದು ವಿವೇಕ. ಕೆಳಗಿನವನನ್ನು ನೆನೆಯುವುದು ಧರ್ಮ. ಕಾಡಿನಲ್ಲಿ ಈ ಧರ್ಮಕ್ಕೆ ತಗಲುವ ಶ್ರಮ ಬಹಳವಿಲ್ಲ. ಶೌಚಕ್ಕಾಗಲಿ ಸೋಪಿಗಾಗಲಿ ನೀರಿನಿಂದ ಅರವತ್ತು ಮೀಟರು, ಎಂದರೆ ಸುಮಾರು ಎಂಬತ್ತು ಹೆಜ್ಜೆ, ದೂರ ನಡೆದರೆ ಆಯಿತು. ನೀರು ಕುದಿಯಲು ಕಾಯುವಷ್ಟು ಹೊತ್ತೂ ಅದಕ್ಕೆ ಬೇಕಿಲ್ಲ.